ಕೊಸರಿನ ಕಾವಿ

ಮೊಮ್ಮಗ ಜೈರ್ ಮೊದಲ ಸಲ ಬೋರಲು ಬಿದ್ದ ದಿನ ಮನೆಯಲ್ಲಿ ಏನಾದರೂ ಸಿಹಿ ಮಾಡಬೇಕಿತ್ತು. ಅದರ ಬದಲು ನನ್ನ ಮಗಳು ನೆಲಿದಾ ಸೊಂಟದ ಮೇಲೆ ಕೈಯಿಟ್ಟು ನಿಂತು ನಮ್ಮ ಮನೆಯ ನೆಲವನ್ನು ನೋಡಿದಳು. ಅವಳು ನೋಡಿದ ರೀತಿಯಲ್ಲೇ ಏನೋ ಬರುತ್ತಿದೆ ಎಂದು ನನಗೆ ಗೊತ್ತಾಯಿತು.

"ಅಮ್ಮ, ಇವನು ಅಂಬೆಗಾಲಿಡೋಕೆ ಶುರು ಮಾಡಿದ ದಿನ ನಾನು ಕೆಳಗಡೆ ಅತ್ತೆ ಮನೆಗೆ ಹೋಗ್ತೀನಿ. ಈ ಮಣ್ಣಲ್ಲಿ ನನ್ನ ಮಗನ್ನ ಬಿಡಲ್ಲ."

"ನೀನು ಬೆಳೆದಿದ್ದು ಇದೇ ಮಣ್ಣಲ್ಲೇ ಅಲ್ವೇನೇ?"

"ಅದಕ್ಕೇ ಹೇಳ್ತಿರೋದು."

ನೆಲಿದಾ ಚಿಕ್ಕವಳಿದ್ದಾಗ ಹೊಟ್ಟೆಯಲ್ಲಿ ಹುಳುವಾಗಿ, ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ ಕೆಳಗೆ ಲಿಮಾ ನಗರದ ಆಸ್ಪತ್ರೆಗೆ ಸೇರಿದ್ದಳು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ದೇವರಿಗೆ ನಾನು ಕೊಟ್ಟ ಮಾತುಗಳಲ್ಲಿ ಅರ್ಧದಷ್ಟನ್ನೂ ತೀರಿಸಿಲ್ಲ. ಮಗಳು ಹೇಳಿದ್ದು ನ್ಯಾಯವಾಗಿಯೇ ಇತ್ತು, ನನ್ನ ಸಿಟ್ಟು ನೆತ್ತಿಗೇರಿದ್ದೂ ಅದಕ್ಕೇ.

ನಮ್ಮ ಮನೆ ಗುಡ್ಡದ ಮೇಲಿದೆ. ಹಳದಿ ಬಣ್ಣ ಬಳಿದ ಮೆಟ್ಟಿಲುಗಳು ಮುಗಿದ ಮೇಲೂ ಸ್ವಲ್ಪ ಹತ್ತಬೇಕು. ನನ್ನ ಗಂಡ ಬದುಕಿದ್ದಾಗ ಅಡುಗೆಮನೆಗೆ ಗಾರೆ ಹಾಕಿದ. ಮುಂದಿನ ಕೋಣೆಗೆ ಹಾಕುವಷ್ಟರಲ್ಲಿ ಅವನ ಶ್ವಾಸಕೋಶ ಕೈಕೊಟ್ಟಿತು. ಆಮೇಲೆ ನಾನೊಬ್ಬಳೇ ಬಸ್‌ಸ್ಟಾಪಿನಲ್ಲಿ ಬೇಯಿಸಿದ ಮುಸುಕಿನ ಜೋಳ, ಚೀಸು ಮಾರಿ ಮೊದಲು ಸೂರು ಮಾಡಿಸಿದೆ, ಆಮೇಲೆ ಗೋಡೆ, ಆಮೇಲೆ ಬಾಗಿಲು. ನೆಲ ಯಾರ ತಲೆಯ ಮೇಲೂ ಬೀಳುವುದಿಲ್ಲವಾದ್ದರಿಂದ ಯಾವಾಗಲೂ ಕೊನೆಗೆ ಉಳಿಯಿತು. ದಿನಾ ಬೆಳಿಗ್ಗೆ ನೀರು ಚಿಮುಕಿಸಿ ಗುಡಿಸುತ್ತಿದ್ದೆ. ಎಷ್ಟು ಗುಡಿಸಿದರೂ ಮಣ್ಣು ಮಣ್ಣೇ.

ಮಗಳು ಹೋಗುತ್ತೇನೆಂದ ಕೆಳಗಿನ ಮನೆ ನನ್ನ ಬೀಗಿತ್ತಿ ಸೊರೈದಾಳದು. ಮೆಟ್ಟಿಲುಗಳ ಬುಡದಲ್ಲಿ, ಡಾಂಬರು ರಸ್ತೆಯ ಪಕ್ಕದಲ್ಲಿದೆ. ಮುಂದೆ ಹಾರ್ಡ್‌ವೇರ್ ಅಂಗಡಿ, ಹಿಂದೆ ಮನೆ. ಮನೆಗೆಲ್ಲ ಬಿಳಿ ಟೈಲು, ಬಗ್ಗಿದರೆ ಮುಖ ಕಾಣುವಷ್ಟು ಹೊಳಪು. ಅವಳ ಒಬ್ಬನೇ ಮಗ ಎಲ್ಮೆರ್, ನನ್ನ ಅಳಿಯ, ಮೇಲೆ ಬೆಟ್ಟಸೀಮೆಯ ಗಣಿಯಲ್ಲಿ ಕೆಲಸ ಮಾಡುತ್ತಾನೆ. ಪಾಳಿ ಮುಗಿದಾಗ ಇಳಿದು ಬರುತ್ತಾನೆ, ಮತ್ತೆ ಹೋಗುತ್ತಾನೆ. ಬಸಿರಾದಾಗಿನಿಂದ ನೆಲಿದಾ ನನ್ನ ಹತ್ತಿರವೇ ಇದ್ದಳು. ಸೊರೈದಾಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ಈ ಗುಡ್ಡದಿಂದ ಕೆಳಗಿಳಿದವರು ವಾಪಸು ಹತ್ತುವುದನ್ನು ನಾನು ನೋಡಿಲ್ಲ. ಹುಟ್ಟುಹಬ್ಬಕ್ಕೆ ಬರುತ್ತಾರೆ, ಸಾವಿಗೆ ಬರುತ್ತಾರೆ, ಮೆಟ್ಟಿಲಿನ ಬಗ್ಗೆ ಗೊಣಗಿ ಹೋಗುತ್ತಾರೆ. ಮಗು ಒಮ್ಮೆ ಆ ಟೈಲಿನ ಮೇಲೆ ಅಂಬೆಗಾಲಿಟ್ಟರೆ ಅವನು ಅಲ್ಲಿಯ ಮಗುವಾಗುತ್ತಾನೆ. ಬೆಳಿಗ್ಗೆ ಎದ್ದು ನನ್ನ ಮೂಗು ಹಿಡಿದು ಎಳೆಯುವವರು ಇರುವುದಿಲ್ಲ. ಅವನು ಮೊಣಕಾಲೂರಿ ಏಳುವಷ್ಟರಲ್ಲಿ ಈ ನೆಲಕ್ಕೆ ಗಾರೆ ಬೀಳಲೇಬೇಕೆಂದು ಅವತ್ತೇ ತೀರ್ಮಾನಿಸಿದೆ.

ತೊಡಕು ಒಂದೇ. ಗುಡ್ಡಕ್ಕೆಲ್ಲ ಇರುವುದು ಒಂದು ಹಾರ್ಡ್‌ವೇರ್ ಅಂಗಡಿ, ಅದು ಸೊರೈದಾಳದು.

ಇಡೀ ಮೂಟೆ ಸಿಮೆಂಟು ತಂದುಬಿಡಬಾರದೇ ಎಂದು ಕೆಳಗಿನವರು ಕೇಳಬಹುದು. ಮೂಟೆ ಹೊತ್ತು ಹತ್ತಿಸುವವನು ಮೂಟೆಗಿಂತ ಹೆಚ್ಚು ಕೇಳುತ್ತಾನೆ. ಹತ್ತಿಸಿದರೂ, ಚಳಿಗಾಲದ ಮಂಜಿನಲ್ಲಿ ಬಿಚ್ಚಿದ ಮೂಟೆ ವಾರದೊಳಗೆ ಕಲ್ಲಾಗುತ್ತದೆ. ಅದಕ್ಕೇ ನಮ್ಮ ಗುಡ್ಡದ ಮನೆಗಳೆಲ್ಲ ಕಿಲೋ ಲೆಕ್ಕದಲ್ಲಿ ಎದ್ದಿವೆ. ಸೊರೈದಾಳ ಅಂಗಡಿಯಲ್ಲಿ ಸಿಮೆಂಟು ಕಿಲೋ ಲೆಕ್ಕಕ್ಕೆ ಸಿಗುತ್ತದೆ, ಮರಳು ಡಬ್ಬದ ಲೆಕ್ಕಕ್ಕೆ, ಮೊಳೆ ಹಿಡಿ ಲೆಕ್ಕಕ್ಕೆ. ಬಣ್ಣ ಬೇಕೆಂದರೆ ನಾವೇ ಬಾಟಲಿ ಒಯ್ಯಬೇಕು. ಬಾಗಿಲಿಗೆ ಒಂದೇ ಒಂದು ತಿರುಪು ಬೇಕೆಂದರೂ ಅವಳು ಮುಖ ಸಿಂಡರಿಸದೆ ಹುಡುಕಿ ಕೊಡುತ್ತಾಳೆ. ನನ್ನ ವೈರಿಯಾದರೂ ಈ ಮಾತು ಹೇಳಲೇಬೇಕು.

ಮಾರನೆಯ ಸಂಜೆಯೇ ಜೋಳದ ಖಾಲಿ ಪಾತ್ರೆ ಹಿಡಿದು ಅವಳ ಗಲ್ಲಾಪೆಟ್ಟಿಗೆಯ ಮುಂದೆ ನಿಂತೆ.

"ಕಸೇರಾ, ಮೂರು ಕಿಲೋ ಸಿಮೆಂಟು ಕೊಡಿ."

ನಮ್ಮಲ್ಲಿ ಕೊಳ್ಳುವವಳೂ ಕಸೇರಾ, ಮಾರುವವಳೂ ಕಸೇರಾ. ಹಾಗೆ ಒಮ್ಮೆ ಕರೆದುಕೊಂಡ ಮೇಲೆ ಒಬ್ಬರನ್ನೊಬ್ಬರು ಬಿಡುವ ಹಾಗಿಲ್ಲ. ಸೊರೈದಾ ತಕ್ಕಡಿಗೆ ಸುರಿಯುತ್ತಾ ನನ್ನ ಮುಖ ನೋಡಿದಳು.

"ಏನು ಫೌಸ್ತಿನಮ್ಮ, ಗೋಡೆ ಬಿರುಕು ಬಿಟ್ಟಿದೆಯಾ?"

"ಇಲ್ಲ. ನೆಲಕ್ಕೆ ಗಾರೆ ಹಾಕ್ತಿದೀನಿ."

"ಮೂರು ಕಿಲೋದಲ್ಲಾ?"

"ಇವತ್ತು ಮೂರು. ನಾಳೆ ಮತ್ತೆ ಬರ್ತೀನಿ."

ಅವಳು ನಕ್ಕಳು. ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿತ್ತು, ನನ್ನ ಮಗಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. "ಚಮಚದಲ್ಲಿ ಮೊಗೆದು ಮೊಗೆದು ಯಾವಾಗ ಮುಗಿಸ್ತೀರ? ಮಗು ಅಷ್ಟೊತ್ತಿಗೆ ಸ್ಕೂಲಿಗೆ ಹೋಗ್ತಿರುತ್ತೆ. ನನ್ನ ಮನೇಲಿ ತೊಟ್ಟಿಲು ಹಾಕಿ ಇಟ್ಟಿದೀನಿ, ಸುಮ್ನೆ ಕಳಿಸಿಕೊಡಿ."

"ತೊಟ್ಟಿಲಲ್ಲಿ ಮೊಳೆ ತುಂಬಿಡಿ, ಜಾಗ ಹಾಳಾಗೋದು ಬೇಡ. ಕೊಸರು ಎಲ್ಲಿ?"

ಕೊಸರು ಹಾಕದೆ ಕಸೇರಾಳನ್ನು ಕಳಿಸುವುದು ಇಲ್ಲಿ ಮರ್ಯಾದೆಯಲ್ಲ. ಅವಳು ಒಂದು ಹಿಡಿ ಸಿಮೆಂಟು ಎತ್ತಿದಳು. ನಾನು ಕೈ ಅಡ್ಡ ಹಿಡಿದೆ.

"ಸಿಮೆಂಟು ಬೇಡ. ಕಾವಿ ಹಾಕಿ."

"ಕಾವೀನಾ? ಅದು ಕಾಸಿಗೆ ಬರೋ ಸಾಮಾನು ಕಣಮ್ಮ."

"ಕೊಸರಿಗೆ ಕಾಸು ಕೇಳಿದ್ರೆ ಅದು ಕೊಸರಾ?"

ಹಿಂದೆ ನಿಂತಿದ್ದ ಗಿರಾಕಿಗಳು ಕಿಸಕ್ಕನೆ ನಕ್ಕರು. ಸೊರೈದಾ ಪತ್ರಿಕೆಯ ಚೂರಿನಲ್ಲಿ ಒಂದು ಚಮಚ ಕಾವಿ ಪುಡಿ ಕಟ್ಟಿ ಗಲ್ಲಾಪೆಟ್ಟಿಗೆಯ ಮೇಲೆ ಒಗೆದಳು. ನಾನು ಅದನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದೆ. ಕೆಂಪು ನೆಲ ನನ್ನ ಗಂಡನ ಆಸೆಯಾಗಿತ್ತು. ಅವನ ತಾಯಿಯ ಊರಲ್ಲಿ ಹಾಗಿತ್ತಂತೆ.

ತಂದ ಸಿಮೆಂಟನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮುಚ್ಚಳದ ಡಬ್ಬದಲ್ಲಿಟ್ಟು, ಮಂಚದ ಕೆಳಗೆ ತಳ್ಳುತ್ತಿದ್ದೆ. ನೆಲದ ಒಂದು ಚೌಕಕ್ಕಾಗುವಷ್ಟು ಸೇರಿದಾಗ ಗುಡ್ಡದ ಕಲ್ಲು ಹರವಿ, ಕುಟ್ಟಿ, ನಾಲ್ಕೂ ಕಡೆ ಪಟ್ಟಿ ಬಡಿದು, ಗಾರೆ ಕಲಸಿ ಸುರಿಯುತ್ತಿದ್ದೆ. ನೀರು ಟ್ಯಾಂಕರಿನವನು ತುಂಬಿಸಿದ ಡ್ರಮ್ಮಿನದು. ಗಾರೆಗೆ ನೀರು ಹೋದ ದಿನ ಸ್ನಾನಕ್ಕೆ ಕಡಿಮೆ. ಪಕ್ಕದ ಮನೆಯ ಮೇಸ್ತ್ರಿ ಒರೆಸ್ತೆಸ್ ತನ್ನ ಹಳೆಯ ಕರಣೆ ಕೊಟ್ಟ, ಜೊತೆಗೆ ಬಿಟ್ಟಿ ಉಪದೇಶವನ್ನೂ ಕೊಟ್ಟ.

"ಫೌಸ್ತಿನಮ್ಮ, ಕಾವಿ ನೆಲ ಅಂದ್ರೆ ಉಜ್ಜಿ ಉಜ್ಜಿ ನುಣುಪು ಮಾಡ್ಬೇಕು. ನಿಮ್ಮದು ಹಸುವಿನ ನಾಲಿಗೆ ಥರ ಇದೆ."

"ನನಗೆ ಉಜ್ಜೋಕೆ ಪುರುಸೊತ್ತಿಲ್ಲ. ಮಗು ಆಗಲೇ ಕೂತ್ಕೊಳ್ಳೋಕೆ ಶುರು ಮಾಡಿದಾನೆ."

ಮಗು ದಿಂಬಿಲ್ಲದೆ ಕೂತ. ನಾನು ಕಿಟಕಿಯ ಕೆಳಗಿನ ಚೌಕ ಮುಗಿಸಿದೆ. ಅವನು ಹೊಟ್ಟೆಯ ಮೇಲೆ ಗಿರಕಿ ಹೊಡೆಯತೊಡಗಿದ, ನಾನು ಮಂಚದ ಪಕ್ಕಕ್ಕೆ ಬಂದೆ. ಪ್ರತಿ ಸಂಜೆ ಸೊರೈದಾಳ ಗಲ್ಲಾಪೆಟ್ಟಿಗೆಯ ಮುಂದೆ ನಮ್ಮಿಬ್ಬರ ಜಗಳ ನಡೆಯುತ್ತಿತ್ತು. ಕೆಲವರು ಅದನ್ನು ನೋಡಲೆಂದೇ ಒಂದು ಹಿಡಿ ಮೊಳೆ ಕೊಳ್ಳಲು ಬರುತ್ತಿದ್ದರು. ಅವಳು ಒಮ್ಮೆಯೂ ತೂಕದಲ್ಲಿ ಮೋಸ ಮಾಡಲಿಲ್ಲ. ಆದರೆ ಕೊಸರು ಅವಳ ಮರ್ಜಿಯದು. ಮಗ ಗಣಿಯಿಂದ ಫೋನ್ ಮಾಡಿದ ದಿನ ಕಾವಿ ಧಾರಾಳವಾಗಿ ಬೀಳುತ್ತಿತ್ತು. ಫೋನ್ ಬಾರದ ದಿನ ಪತ್ರಿಕೆಯ ಚೂರನ್ನು ಬಿಚ್ಚಿ ನೋಡಿದರೆ ಉಗುರಿಗೆ ಅಂಟುವಷ್ಟು. ಹಾಗಾಗಿ ನನ್ನ ನೆಲದಲ್ಲಿ ಒಂದು ಚೌಕ ಕೆಂಪು, ಪಕ್ಕದ್ದು ಗುಲಾಬಿ, ಅದರಾಚೆಯದು ಬರೀ ಬೂದಿ ಬಣ್ಣ. ಯಾವ ವಾರ ನನ್ನ ಬೀಗಿತ್ತಿ ಖುಷಿಯಾಗಿದ್ದಳು, ಯಾವ ವಾರ ಮುಖ ಊದಿಸಿಕೊಂಡಿದ್ದಳು ಎಂದು ನೆಲ ನೋಡಿ ಹೇಳಬಹುದಿತ್ತು.

ಬಾಗಿಲ ಹತ್ತಿರದ ಚೌಕವೊಂದೇ ಉಳಿದಿತ್ತು. ಅವತ್ತು ಬೆಳಿಗ್ಗೆ ಜೈರ್ ಮಂಚದ ಮೇಲೆ ಅಂಗೈ ಮೊಣಕಾಲೂರಿ ಎದ್ದು, ಹಿಂದಕ್ಕೂ ಮುಂದಕ್ಕೂ ತೂಗಿದ. ಹೊರಡಲು ತಯಾರಾದ ಬಸ್ಸಿನ ಹಾಗೆ. ಬಟ್ಟೆ ಒಗೆಯುತ್ತಿದ್ದ ನೆಲಿದಾ ಕೈ ಒರೆಸಿಕೊಂಡು ಬಂದಳು.

"ಅಮ್ಮ, ಶನಿವಾರ ಎಲ್ಮೆರ್ ಬರ್ತಾನೆ. ಅತ್ತೇನೂ ಅವನ ಜೊತೆ ಮೇಲೆ ಬರ್ತಾರಂತೆ. ನೆಲ ಮುಗಿದಿದ್ರೆ ನಾನು ಇಲ್ಲೇ ಇರ್ತೀನಿ, ಅವರ ಮುಂದೇನೇ ಹೇಳ್ತೀನಿ. ಮುಗೀದಿದ್ರೆ..."

"ಮುಗಿಯುತ್ತೆ."

ಮಂಚದ ಕೆಳಗಿನ ಡಬ್ಬದಲ್ಲಿ ಸಿಮೆಂಟು ಸಾಲದಷ್ಟಿತ್ತು. ಇದ್ದರೂ, ಆ ವಾರದ ಮಂಜಿನಲ್ಲಿ ಗಾರೆ ಗಟ್ಟಿಯಾಗಲು ಶನಿವಾರ ದಾಟುತ್ತಿತ್ತು. ಬಾಗಿಲಲ್ಲೇ ಹಸಿ ಗಾರೆ ಇದ್ದರೆ ಬೀಗಿತ್ತಿ ಹೊರಗೆ ನಿಂತೇ ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ. ಆಗ ನನಗೆ ದೆವ್ವದ ನೆನಪಾಯಿತು.

ಸಿಮೆಂಟಿಗೆ ಜಿಪ್ಸಮ್ ಪುಡಿ ಬೆರೆಸಿದರೆ ಅದಕ್ಕೆ ನಮ್ಮ ಮೇಸ್ತ್ರಿಗಳು ದೆವ್ವ ಅನ್ನುತ್ತಾರೆ. ಸೋರುವ ಪೈಪಿನ ಸುತ್ತ ಮೆತ್ತುವುದು ಅದನ್ನೇ. ಕೈ ತೊಳೆಯುವುದರೊಳಗೆ ಗಟ್ಟಿಯಾಗಿರುತ್ತದೆ. ಪೈಪಿಗೆ ಆಗುವುದು ನೆಲಕ್ಕೆ ಯಾಕಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಒರೆಸ್ತೆಸ್‌ನನ್ನು ಕೇಳಬಹುದಿತ್ತು. ಬೇಡ ಅನ್ನುತ್ತಾನೆಂದು ಗೊತ್ತಿದ್ದರಿಂದ ಕೇಳಲಿಲ್ಲ.

"ಜಿಪ್ಸಮ್ ಎರಡು ಕಿಲೋ," ಎಂದೆ ಸೊರೈದಾಗೆ.

"ಅದ್ಯಾಕೆ?"

"ಗೋಡೇಲಿ ತೂತಾಗಿದೆ."

ಅವಳು ತೂಗಿ ಕಟ್ಟಿಕೊಟ್ಟಳು. ಅವತ್ತು ನಾನು ಕೊಸರನ್ನೂ ಕೇಳಲಿಲ್ಲ. ಅವಳು ಹುಬ್ಬೇರಿಸಿದಳು, ಅಷ್ಟೇ.

ದೆವ್ವ ಚೆನ್ನಾಗಿ ಕೂತಿತು. ಅನ್ನ ಬೇಯುವುದರೊಳಗೆ ಬೆರಳಿಂದ ಬಡಿದರೆ ಟಕಟಕ ಅನ್ನುತ್ತಿತ್ತು. ಸಂತೋಷಕ್ಕೆ ನಾನೊಬ್ಬಳೇ ನಕ್ಕೆ. ಶುಕ್ರವಾರ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಅದರ ಮೇಲೆ ಒದ್ದೆ ಸಿಮೆಂಟು ಸವರಿ, ಕಂಡೇ ಇಲ್ಲವೆಂದುಕೊಂಡೆ.

ಶನಿವಾರ ಎಲ್ಮೆರ್ ಮುಂದೆ, ಸೊರೈದಾ ಹಿಂದೆ ಮೆಟ್ಟಿಲು ಹತ್ತಿ ಬಂದರು. ಅವಳು ಏದುಸಿರು ಬಿಡುತ್ತಾ, ಹಬ್ಬಕ್ಕೆ ಹಾಕುವ ಹಿಮ್ಮಡಿ ಎತ್ತರದ ಶೂ ಹಾಕಿಕೊಂಡು ಬಂದಿದ್ದಳು. ನಾನು ಬಾಗಿಲು ತೆರೆದು ಒಳಗೆ ಬನ್ನಿ ಅಂದೆ. ಅಳಿಯ ಉದ್ದ ಹೆಜ್ಜೆಯಲ್ಲಿ ದಾಟಿ ಮಗುವಿನ ಹತ್ತಿರ ಹೋದ. ಸೊರೈದಾಳ ಹಿಮ್ಮಡಿ ಆ ಚೌಕದ ನಡುವೆ ಬಿತ್ತು. ಹಪ್ಪಳ ಮುರಿದಂತೆ ಸದ್ದಾಯಿತು, ಶೂ ಮಣ್ಣಿನವರೆಗೆ ಇಳಿಯಿತು.

ಅವಳು ಗೋಡೆ ಹಿಡಿದು ಕಾಲು ಎಳೆದುಕೊಂಡಳು. ಬಗ್ಗಿ ಒಂದು ಚೂರು ಎತ್ತಿ ಬೆರಳಲ್ಲಿ ತಿಕ್ಕಿದಳು. ಬಿಳಿ ಪುಡಿ ಉದುರಿತು.

"ನೆಲಕ್ಕೆ ದೆವ್ವ ಹಾಕಿದ್ರಾ? ಗೋಡೆ ತೂತು ಅಂದ್ರಲ್ಲ ನನ್ನ ಹತ್ರ."

"ತೂತು ದೊಡ್ಡದಿತ್ತು," ಎಂದೆ.

ಯಾರೂ ನಗಲಿಲ್ಲ. ನೆಲಿದಾ ನನ್ನ ಮುಖ ನೋಡದೆ ಮಗುವಿನ ಬಟ್ಟೆ ಮಡಿಸತೊಡಗಿದಳು. ಅವಳಿಗೂ ಬೇಸರವಾಗಿತ್ತು. ಆದರೆ ಆಡಿದ ಮಾತು ಬಿಡದಿರುವುದನ್ನು ಅವಳು ಕಲಿತದ್ದೇ ನನ್ನಿಂದ. ಎಲ್ಮೆರ್ ಚೀಲ ಹೊತ್ತ. ಜೈರ್ ಅವನ ಭುಜದ ಮೇಲಿಂದ ನನ್ನತ್ತ ಕೈ ಚಾಚಿ ಮೂಗು ಹುಡುಕಿದ. ಅವರು ಮೆಟ್ಟಿಲ ತಿರುವಿನಲ್ಲಿ ಮರೆಯಾದ ಮೇಲೆ ನಾನು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಸಿಟ್ಟಿಗೂ ಅತ್ತೆ, ನಾಚಿಕೆಗೂ ಅತ್ತೆ.

ಆಮೇಲೆ ಹಾರೆ ತಂದು ಆ ಚೌಕವನ್ನು ಪೂರ್ತಿ ಕಿತ್ತೆ. ದೆವ್ವದ ಒಂದು ಚೂರೂ ಉಳಿಯದಂತೆ ಗುಡಿಸಿ ಹೊರಗೆ ಸುರಿದೆ. ಮಗು ಕೆಳಗೆ ಹೋಯಿತೆಂದು ನೆಲವನ್ನು ಅರ್ಧಕ್ಕೆ ಬಿಡುವವಳಲ್ಲ ನಾನು. ಒರೆಸ್ತೆಸ್ ಬೇಲಿಯಾಚೆಯಿಂದ ನೋಡಿದ, ಬಾಯಿ ತೆರೆದ, ನನ್ನ ಮುಖ ಕಂಡು ಮುಚ್ಚಿಕೊಂಡ.

ಸೋಮವಾರ ಸಂಜೆ ಮತ್ತೆ ಅದೇ ಗಲ್ಲಾಪೆಟ್ಟಿಗೆಯ ಮುಂದೆ ನಿಂತೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಎಲ್ಮೆರ್ ಗಣಿಗೆ ವಾಪಸಾಗಿದ್ದ. ಹಿಂದಿನ ಬಾಗಿಲು ತೆರೆದಿತ್ತು, ಅದರೊಳಗಿಂದ ಬಿಳಿ ಟೈಲು ಹೊಳೆಯುತ್ತಿತ್ತು. ಟೈಲಿನ ನಡುವೆ ಜೈರ್ ಇದ್ದ.

ಅವನು ಅಂಗೈಯೂರಿ ಎದ್ದ. ಒಂದು ಮೊಣಕಾಲು ಮುಂದಿಟ್ಟ. ಅದು ಪಕ್ಕಕ್ಕೆ ಜಾರಿತು, ಇನ್ನೊಂದು ಇನ್ನೊಂದು ಕಡೆಗೆ ಜಾರಿತು, ಮಗು ಕಪ್ಪೆಯಂತೆ ಹರಡಿಕೊಂಡು ಬಿತ್ತು. ಗದ್ದ ನೆಲಕ್ಕೆ ತಾಗಿ ಕಿರುಚಿದ. ಸೊರೈದಾ ಓಡಿ ಬಂದು ಎತ್ತಿಕೊಂಡಳು. ಗದ್ದದ ಮೇಲೆ ಆಗಲೇ ಹಳೆಯ ಊತವೊಂದಿತ್ತು. ಒಂದು ಮೂಲೆಯಲ್ಲಿ ಕಂಬಳಿ ಮುದ್ದೆಯಾಗಿ ಬಿದ್ದಿತ್ತು, ಅದನ್ನೂ ಹಾಸಿ ನೋಡಿದ್ದರೆಂದು ಕಾಣುತ್ತದೆ.

ನನಗೆ ಗೆದ್ದೆ ಅನ್ನಿಸಬೇಕಿತ್ತು. ಸೊರೈದಾಳ ಮುಖ ನೋಡಿ ಅನ್ನಿಸಲಿಲ್ಲ.

"ನಿನ್ನೆಯಿಂದ ಹೀಗೇ," ಎಂದಳು ಅವಳು. "ಏಳ್ತಾನೆ, ಜಾರ್ತಾನೆ, ಅಳ್ತಾನೆ. ಮನೆ ತುಂಬ ಮಕ್ಕಳಿರ್ತಾರೆ ಅಂತ ಎಲ್ಮೆರ್ ಹಾಕಿಸಿದ ಟೈಲು ಇದು, ಫೌಸ್ತಿನಮ್ಮ. ಇಷ್ಟು ವರ್ಷ ಇದರ ಮೇಲೆ ನಾನೊಬ್ಬಳೇ ಓಡಾಡಿದ್ದು."

ಇಷ್ಟು ದಿನ ಬೈದಾಡಿದರೂ ಅವಳು ಇಂಥ ಮಾತು ನನ್ನ ಹತ್ತಿರ ಆಡಿರಲಿಲ್ಲ. ನಾನು ಬಂದ ಕೆಲಸ ಹೇಳಿದೆ.

"ಸಿಮೆಂಟು ಕೊಡಿ. ಆ ಚೌಕ ಕಿತ್ತು ಹಾಕಿದೀನಿ. ಈ ಸಲ ಸರಿಯಾಗಿ ಹಾಕ್ತೀನಿ."

"ಮಗು ಇಲ್ಲಿದೆಯಲ್ಲ, ಯಾರಿಗೆ ಹಾಕ್ತೀರ?"

"ಯಾರಿಗಾದ್ರೂ ಆಗ್ಲಿ. ನೆಲ ಮುಗೀಬೇಕು."

ಒಳಗಿನಿಂದ ನೆಲಿದಾ ಬಂದಳು. ಎರಡು ದಿನದಲ್ಲಿ ಅವಳ ಕಣ್ಣು ಗುಳಿಬಿದ್ದಿತ್ತು. ಅತ್ತೆಯ ತೋಳಿಂದ ಮಗುವನ್ನು ಎತ್ತಿಕೊಂಡು, ನಮ್ಮಿಬ್ಬರನ್ನೂ ನೋಡಿ ಮೆಲ್ಲಗೆ ಹೇಳಿದಳು:

"ಅಮ್ಮನ ನೆಲ ತರಿತರಿಯಾಗಿದೆ ಅತ್ತೆ. ಮೊಣಕಾಲು ಜಾರಲ್ಲ. ಒಂದ್ಸಲ ಅಲ್ಲಿ ಬಿಟ್ಟು ನೋಡೋಣ್ವಾ?"

ಸೊರೈದಾ ತಕ್ಕಡಿಯತ್ತ ತಿರುಗಿದಳು. ಆಮೇಲೆ ಸಿಮೆಂಟು ಮೊಗೆದು ತೂಗಿದಳು, ಚೀಲದ ಬಾಯಿ ಕಟ್ಟಿದಳು, ಒಳಗೆ ಹೋಗಿ ಚಪ್ಪಟೆ ಚಪ್ಪಲಿ ಮೆಟ್ಟಿ ಬಂದಳು. ಬೀದಿದೀಪ ಹತ್ತುವ ಮೊದಲೇ ಅಂಗಡಿಯ ಷಟರ್ ಎಳೆದಳು. ಎದುರಿನ ಬೇಕರಿಯವನು ಯಾರು ತೀರಿಕೊಂಡರು ಎಂದು ಕೇಳಿದ.

"ಯಾರೂ ಇಲ್ಲ. ನಿನ್ನ ಬ್ರೆಡ್ಡು ನೋಡ್ಕೋ," ಎಂದು ಅವಳು ಚೀಲವನ್ನು ತಾನೇ ಹೊತ್ತು ಮೆಟ್ಟಿಲು ಹತ್ತತೊಡಗಿದಳು. ಕೊಡಿ ಅಂದರೂ ನನಗೆ ಕೊಡಲಿಲ್ಲ.

ಕಿತ್ತ ಚೌಕದ ಮೇಲೆ ನಾನು ಹಲಗೆ ಹಾಸಿದ್ದೆ. ಅದನ್ನು ದಾಟಿ ಒಳಗೆ ಹೋದೆವು. ನೆಲಿದಾ ಮಗುವನ್ನು ಕಿಟಕಿಯ ಕೆಳಗೆ, ಬೂದಿ ಬಣ್ಣದ ಚೌಕದ ಮೇಲೆ ಬಿಟ್ಟಳು. ಅವನು ಎದ್ದ, ತೂಗಿದ. ಮೊಣಕಾಲು ಮುಂದೆ ಬಂತು, ನಿಂತಿತು. ಇನ್ನೊಂದು ಬಂತು, ಅದೂ ನಿಂತಿತು. ಅವನಿಗೇ ಆಶ್ಚರ್ಯವಾಗಿ ಒಮ್ಮೆ ನಮ್ಮ ಕಡೆ ನೋಡಿದ. ಆಮೇಲೆ ಬೂದಿಯಿಂದ ಗುಲಾಬಿಗೆ, ಗುಲಾಬಿಯಿಂದ ಕೆಂಪಿಗೆ, ಎಲ್ಲಿಯೂ ನಿಲ್ಲದೆ ಬಂದು ಸೊರೈದಾಳ ಕಾಲು ಹಿಡಿದುಕೊಂಡ.

ಅವಳು ಅಂಗಡಿಯ ಏಪ್ರನ್ನಿನಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸುತ್ತಲಿನ ಚೌಕಗಳನ್ನು ಒಂದೊಂದಾಗಿ ನೋಡಿದಳು. ಆ ಬೂದಿ ಚೌಕದ ಮೇಲೆ ಅವಳ ಕಣ್ಣು ನಿಂತಿತು.

"ಇದು ನಾನು ಕೊಟ್ಟ ಕಾವೀನಾ?"

"ನೀವು ಕೊಡದ ಕಾವಿ," ಎಂದೆ.

ನಾನು ಹಲಗೆ ತೆಗೆದು, ಕಲ್ಲು ಕುಟ್ಟಿ, ಮರಳು ಹರವಿದೆ. ಆಯುಷ್ಯವಿಡೀ ಸಿಮೆಂಟು ಮಾರಿದವಳು ಅವತ್ತು ಮೊದಲ ಸಲ ಅಂಗಿಯ ತೋಳು ಮಡಚಿ ಅದನ್ನು ಕಲಸಲು ಕೂತಳು. ಕಲಸುತ್ತಾ ಕಲಸುತ್ತಾ ನಿಲ್ಲಿಸಿ, ಏಪ್ರನ್ನಿನ ಜೇಬಿನಿಂದ ಪತ್ರಿಕೆಯ ಪೊಟ್ಟಣ ತೆಗೆದಳು. ಅದು ಚೂರಲ್ಲ, ಪೂರ್ತಿ ಹಾಳೆಯ ಪೊಟ್ಟಣ. ಬಿಚ್ಚಿ ಅಷ್ಟನ್ನೂ ಗಾರೆಯ ಮೇಲೆ ಸುರಿದಳು.

"ಕೊಸರು," ಎಂದಳು.

ನಾನು ಕೇಳಿರಲಿಲ್ಲ.

ನೆಲಿದಾ, ಮಗು ನನ್ನ ಮನೆಯಲ್ಲೇ ಉಳಿದರು. ಸೊರೈದಾ ದಿನಾ ಅಂಗಡಿ ಮುಚ್ಚಿ, ಮೆಟ್ಟಿಲನ್ನು ಬೈಯುತ್ತಾ ಹತ್ತಿ ಬರುತ್ತಾಳೆ. ಬಾಗಿಲಲ್ಲಿ ಅವಳು ಮೊದಲ ಹೆಜ್ಜೆ ಇಡುವುದು ಆ ಚೌಕದ ಮೇಲೆಯೇ. ಮನೆಯಲ್ಲಿ ಎಲ್ಲಕ್ಕಿಂತ ಕೆಂಪಗಿರುವುದೂ ಅದೇ.